ನೇಥನ್ ಶರೋನರೂ ಲೆಕ್ಟಿನ್ ಶಾಸ್ತ್ರದ ಚರಿತ್ರೆಯೂ

ಹರಳು, ಗುಲಗಂಜಿ, ಅವರೆ, ಹುರುಳಿ, ನೆಲಗಡಲೆ, ಹಲಸು ಇವು ಕನ್ನಡ ನಾಡಿನ ಹೊಲಬೇಲಿಗಳಲ್ಲಿಯೂ ಮನೆಯ ಹಿತ್ತಿಲುಗಳಲ್ಲಿಯೂ ಎಲ್ಲರಿಗೂ ಪರಿಚಿತವಾದವುಗಳು. ಹರಳೆಣ್ಣೆಯಿಂದ ದೀಪವುರಿಯುತ್ತಿದ್ದಿತು, ಗುಲಗಂಜಿಯಿಂದ ಅಕ್ಕಸಾಲಿಗರು ಚಿನ್ನವನ್ನು ತೂಗುತ್ತಿದ್ದರು, ಉಳಿದವು ಇಂದಿಗೂ ಜನರ ಆಹಾರವಾಗಿವೆ. ಇಷ್ಟು ಸಾಮಾನ್ಯವಾದ ಈ ಬೀಜಗಳೆಲ್ಲವುಗಳಲ್ಲಿಯೂ ಒಂದೇ ಬಗೆಯ ಗುಣವುಳ್ಳ ಪ್ರೋಟೀನುಗಳು ಅಡಗಿವೆಯೆಂದೂ, ಅವು ಒಂದು ಸಕ್ಕರೆಯನ್ನು ಇನ್ನೊಂದು ಸಕ್ಕರೆಯಿಂದ ಬೇರ್ಪಡಿಸಿ ಗುರುತಿಸಬಲ್ಲವೆಂದೂ ಹಿಂದಿನವರು ಅರಿತಿರಲಿಲ್ಲ. ಈ ಪ್ರೋಟೀನುಗಳಿಗೆ ಈಗ ಲೆಕ್ಟಿನ್‌ಗಳೆಂದು ಹೆಸರು. ಅವುಗಳ ಸ್ವರೂಪವನ್ನು ಅರಿಯುವುದರಲ್ಲಿ ಅರ್ಧಶತಮಾನವನ್ನು ಕಳೆದ ಜೀವರಸಾಯನ ಶಾಸ್ತ್ರಜ್ಞರಾದ ನೇಥನ್ ಶರೋನ್ ಅವರ ಚರಿತ್ರೆಯು, ಅಲ್ಪವೆಂದು ತೋರಿದ ವಸ್ತುವನ್ನು ಬಿಡದೆ ಹಿಡಿದ ಶ್ರಮವು ಎಂತಹ ಫಲವನ್ನು ಕೊಡಬಲ್ಲುದೆಂಬುದಕ್ಕೆ ಉತ್ತಮ ನಿದರ್ಶನವಾಗಿದೆ.

ಪೂರ್ವಚರಿತ್ರೆ

ಶರೋನರ ಕಾರ್ಯವನ್ನು ತಿಳಿಯಬೇಕಾದರೆ ಅವರಿಗಿಂತ ಮೊದಲು ನಡೆದುದನ್ನು ಸಂಕ್ಷೇಪವಾಗಿಯಾದರೂ ನೋಡುವುದು ಅವಶ್ಯ. 1888ನೆಯ ಇಸವಿಯಲ್ಲಿ, ಈಗ ಎಸ್ಟೋನಿಯಾ ದೇಶಕ್ಕೆ ಸೇರಿರುವ ಡೋರ್ಪಾಟ್ ನಗರದ ವಿಶ್ವವಿದ್ಯಾನಿಲಯದಲ್ಲಿ, ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿಯು ಹರಳುಬೀಜದ ವಿಷವನ್ನು ಪರೀಕ್ಷಿಸುತ್ತಿದ್ದನು. ಹರಳಿನ ಎಣ್ಣೆಯು ನಿರಪಾಯಕರವಾದರೂ ಎಣ್ಣೆ ತೆಗೆದ ಹಿಂಡಿಯು ವಿಷಯುಕ್ತವೆಂಬುದು ಹಿಂದಿನಿಂದಲೂ ತಿಳಿದ ವಿಷಯ. ಆ ಬೀಜದ ಸಾರವನ್ನು ರಕ್ತಕ್ಕೆ ಬೆರೆಸಲಾಗಿ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಗೆಡ್ಡೆಗಟ್ಟಿದುದನ್ನು ಆತನು ಕಂಡನು. ಲೆಕ್ಟಿನ್ ಶಾಸ್ತ್ರದ ಉಗಮವು ಇಲ್ಲಿಯೇ.

ಮೂರು ವರ್ಷಗಳ ತರುವಾಯ, 1891ರಲ್ಲಿ, ಜರ್ಮನಿಯ ಪಾಲ್ ಎರ್ಲಿಕ್ ಎಂಬ ಪ್ರಸಿದ್ಧ ವಿಜ್ಞಾನಿಯು ಹರಳಿನ ವಿಷವನ್ನೂ ಗುಲಗಂಜಿಯ ವಿಷವನ್ನೂ ಇಲಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು, ಅವು ಕ್ರಮೇಣ ಆ ವಿಷವನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆಯುವುವೆಂದು ತೋರಿಸಿದನು. ಹರಳಿನ ವಿಷವನ್ನು ತಡೆಯಲು ಕಲಿತ ಇಲಿಯು ಗುಲಗಂಜಿಯ ವಿಷಕ್ಕೆ ಬಲಿಯಾಗುತ್ತಿದ್ದಿತು. ರೋಗನಿರೋಧ ಶಕ್ತಿಯು ಒಂದೊಂದು ವಸ್ತುವಿಗೆ ಒಂದೊಂದಾಗಿ ಹುಟ್ಟುವುದೆಂಬ ತತ್ತ್ವವು ಈ ಎರಡು ಬೀಜಗಳಿಂದ ಸ್ಥಿರಪಟ್ಟಿತು.

ಆದರೆ ಬೀಜದ ಪ್ರೋಟೀನು ರಕ್ತಕಣದಲ್ಲಿ ಹಿಡಿಯುವುದು ಏನನ್ನು? ಈ ಪ್ರಶ್ನೆಗೆ ಮೊದಲ ಉತ್ತರವು ಅಮೆರಿಕದ ಜೇಮ್ಸ್ ಸಮ್ನರ್ ಅವರಿಂದ ಬಂದಿತು. ಹದಿಹರೆಯದಲ್ಲಿ ಬೇಟೆಯ ಅಪಘಾತದಿಂದ ಎಡಗೈಯನ್ನು ಕಳೆದುಕೊಂಡಿದ್ದ ಈ ರಸಾಯನಜ್ಞರು, ಕತ್ತಿಯಂತೆ ಉದ್ದವಾದ ಕಾಯಿಗಳನ್ನು ಬಿಡುವ ಜ್ಯಾಕ್ ಬೀನ್ ಎಂಬ ಅವರೆಯ ಜಾತಿಯ ಬೀಜದಿಂದ ಕಾಂಕನವಲಿನ್-ಎ ಎಂಬ ಪ್ರೋಟೀನನ್ನು 1919ರಲ್ಲಿ ಹರಳುಗಟ್ಟಿದ ರೂಪದಲ್ಲಿ ಪಡೆದಿದ್ದರು. ಅದೇ ಪ್ರೋಟೀನು ರಕ್ತಕಣಗಳನ್ನು ಗೆಡ್ಡೆಗಟ್ಟಿಸುವುದೆಂದೂ, ಕಬ್ಬಿನ ಸಕ್ಕರೆಯನ್ನು ಬೆರೆಸಿದಲ್ಲಿ ಆ ಕ್ರಿಯೆಯು ನಿಂತುಹೋಗುವುದೆಂದೂ 1936ರಲ್ಲಿ ಅವರೂ ಅವರ ಸಹಕಾರಿಯಾದ ಹೋವೆಲ್ ಅವರೂ ಪ್ರಕಟಿಸಿದರು. ಇದರಿಂದ, ಕಣದ ಮೈಮೇಲೆ ಸಕ್ಕರೆಯಂತಹ ಪದಾರ್ಥವಿರಬೇಕು, ಬೀಜದ ಪ್ರೋಟೀನು ಹಿಡಿಯುವುದು ಅದನ್ನೇ ಎಂಬ ಊಹೆಯು ಹುಟ್ಟಿತು.

ಭಾರತದಲ್ಲಿಯೂ ಈ ವಿದ್ಯೆಯು ಬೇರೂರಿತು. ಇಲ್ಲಿ ಕಾರ್ಯನಿರತರಾಗಿದ್ದ ಬರ್ಡ್ ಎಂಬ ವೈದ್ಯರು ಹುರುಳಿಯ ಸಾರವು ಮನುಷ್ಯರಲ್ಲಿ 'ಎ' ವರ್ಗದ ರಕ್ತವನ್ನು ಮಾತ್ರ ಆರಿಸಿ ಗೆಡ್ಡೆಗಟ್ಟಿಸುವುದೆಂಬುದನ್ನು 1951ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 'ಎ' ವರ್ಗದ ಒಳಭೇದಗಳನ್ನು ಗುರುತಿಸಲು ಹುರುಳಿಯ ಈ ಲೆಕ್ಟಿನ್ನು ರಕ್ತನಿಧಿಗಳಲ್ಲಿ ಬಳಕೆಗೆ ಬಂದಿತು. ಹೀಗೆ ಆರಿಸಿಕೊಳ್ಳುವ ಸ್ವಭಾವವನ್ನು ಬೇರೆ ಬೀಜಗಳಲ್ಲಿ ಕಂಡಿದ್ದ ಬಾಸ್ಟನ್ನಿನ ವಿಲಿಯಂ ಬಾಯ್ಡ್ ಅವರು, ಲ್ಯಾಟಿನ್ ಭಾಷೆಯಲ್ಲಿ 'ಆಯ್ದುಕೊಳ್ಳು' ಎಂಬರ್ಥವುಳ್ಳ ಧಾತುವಿನಿಂದ 'ಲೆಕ್ಟಿನ್' ಎಂಬ ಹೆಸರನ್ನು 1954ರಲ್ಲಿ ರೂಢಿಗೆ ತಂದರು. ಅದೇ ವರ್ಷದಲ್ಲಿ ಶರೋನರು ತಮ್ಮ ಜೀವಮಾನದ ಕಾರ್ಯಕ್ಷೇತ್ರವಾಗಬೇಕಾಗಿದ್ದ ಸಂಸ್ಥೆಯನ್ನು ಸೇರಿದರು.

ಜನನವೂ ವಿದ್ಯಾಭ್ಯಾಸವೂ

ನೇಥನ್ ಶರೋನರು 1925ನೆಯ ಇಸವಿ ನವೆಂಬರ್ ತಿಂಗಳಿನಲ್ಲಿ, ಆಗ ಪೋಲೆಂಡಿಗೆ ಸೇರಿದ್ದು ಈಗ ಬೆಲಾರೂಸ್ ದೇಶದಲ್ಲಿರುವ ಬ್ರೆಸ್ಟ್-ಲಿಟೋವ್‌ಸ್ಕ್ ನಗರದಲ್ಲಿ ಯೆಹೂದಿ ಕುಟುಂಬದಲ್ಲಿ ಜನಿಸಿದರು. 1934ರಲ್ಲಿ ಕುಟುಂಬವು ಪ್ಯಾಲೆಸ್ಟೈನಿಗೆ ವಲಸೆ ಹೋಯಿತು. ಎಂಟು ವರ್ಷಗಳ ಅನಂತರ, ಎರಡನೆಯ ಮಹಾಯುದ್ಧದ ಮಧ್ಯದಲ್ಲಿ, ಬ್ರೆಸ್ಟ್ ನಗರದಲ್ಲಿ ಉಳಿದಿದ್ದ ಯೆಹೂದಿ ಸಮಾಜವು ನಾಜಿಗಳ ಕೈಯಲ್ಲಿ ನಿರ್ನಾಮವಾಯಿತು. ಬಾಲಕನನ್ನು ಆ ನಗರದಿಂದ ಹೊರಗೆ ಕರೆತಂದ ಆ ಒಂದು ಪ್ರಯಾಣವು ನಡೆಯದೆ ಇದ್ದಿದ್ದರೆ ಮುಂದಿನ ಈ ಚರಿತ್ರೆಯೂ ಇರುತ್ತಿರಲಿಲ್ಲ.

ಜೆರೂಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1953ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಶರೋನರು, ಮರುವರ್ಷ ರೆಹೊವೋತ್ ನಗರದ ವೈಜ್‌ಮನ್ ವಿಜ್ಞಾನ ಸಂಸ್ಥೆಯಲ್ಲಿ ಎಫ್ರೈಮ್ ಕಚಾಲ್ಸ್ಕಿ ಅವರ ವಿಭಾಗಕ್ಕೆ ಸೇರಿದರು. ಈ ಕಚಾಲ್ಸ್ಕಿಯವರೇ ಮುಂದೆ ಕಾತ್ಸೀರ್ ಎಂಬ ಹೆಸರಿನಿಂದ 1973ರಿಂದ 1978ರ ವರೆಗೆ ಇಸ್ರೇಲಿನ ರಾಷ್ಟ್ರಾಧ್ಯಕ್ಷರಾಗಿದ್ದವರು. ಬಳಿಕ ಶರೋನರು ಕೆಲಕಾಲ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನಲ್ಲಿ ಕೆಲಸ ಮಾಡಿದರು. ಅಲ್ಲಿ ರೋಜರ್ ಜಾನ್ಲೋಜ್ ಅವರೊಡನೆ ಒಂದು ಸೂಕ್ಷ್ಮಾಣುವಿನ ಶರ್ಕರಪಿಷ್ಟವನ್ನು ಒಡೆದು ನೋಡುವಾಗ, ಅದುವರೆಗೆ ಪ್ರಕೃತಿಯಲ್ಲಿ ಯಾರೂ ಕಾಣದಿದ್ದ ಒಂದು ಸಕ್ಕರೆಯು ದೊರೆಯಿತು. 1960ರಲ್ಲಿ ಅದರ ವಿವರವು ಪ್ರಕಟವಾಯಿತು. ಬ್ಯಾಸಿಲೋಸಮೀನ್ ಎಂದು ಹೆಸರಾದ ಆ ಸಕ್ಕರೆಯು ರೋಗಕಾರಕವಾದ ಬೇರೊಂದು ಸೂಕ್ಷ್ಮಾಣುವಿನ ಪ್ರೋಟೀನುಗಳಲ್ಲಿಯೂ ಇರುವುದು ಹಲವು ದಶಕಗಳ ಮೇಲೆ ತಿಳಿದುಬಂದಿತು.

ಸಕ್ಕರೆಗಳ ವಿಷಯದಲ್ಲಿ ಅಂದಿನ ವಿದ್ವಾಂಸರಿಗೆ ಹೆಚ್ಚಿನ ಆದರವಿರಲಿಲ್ಲ. ಪ್ರೋಟೀನುಗಳೂ ವಂಶವಾಹಕ ದ್ರವ್ಯಗಳೂ ಜೀವದ ರಹಸ್ಯವನ್ನು ಹೊತ್ತಿವೆಯೆಂದೂ, ಶರ್ಕರಪಿಷ್ಟಗಳಾದರೋ ಒಲೆಯ ಸೌದೆಯಂತೆ ಉರಿದು ಶಕ್ತಿಯನ್ನು ಕೊಡುವುದಕ್ಕೂ ಮರದ ನಾರಿನಂತೆ ಆಧಾರವಾಗಿರುವುದಕ್ಕೂ ಮಾತ್ರ ಉಪಯೋಗವೆಂದೂ ಬಹುಮಂದಿಯ ಭಾವನೆಯಾಗಿದ್ದಿತು. ತರುಣ ಸಂಶೋಧಕನು ಕೀರ್ತಿಯನ್ನು ಬಯಸುವುದಾದರೆ ಹಿಡಿಯತಕ್ಕ ಮಾರ್ಗವು ಇದಾಗಿರಲಿಲ್ಲ. ಆದರೂ ಶರೋನರು ಅದನ್ನೇ ಹಿಡಿದರು.

ಸೋಯಾ ಅವರೆಯ ಶೋಧ

1960ರ ದಶಕದಲ್ಲಿ ಶರೋನರೂ, ಮುಂದೆ ನಾಲ್ಕು ದಶಕಗಳ ಕಾಲ ಅವರ ಸಹೋದ್ಯೋಗಿಯಾಗಿದ್ದ ಹಲೀನಾ ಲಿಸ್ ಎಂಬ ವಿದುಷಿಯೂ ಸೋಯಾ ಅವರೆಯ ಲೆಕ್ಟಿನ್ನನ್ನು ಕೈಗೆತ್ತಿಕೊಂಡರು. ಅಮೆರಿಕದ ಲೀನರ್ ಅವರು ಇದನ್ನು 1952ರ ವೇಳೆಗೇ ಬೇರ್ಪಡಿಸಿದ್ದರು. ಶರೋನರ ಆರಂಭದ ಕುತೂಹಲವು ಆ ಪ್ರೋಟೀನು ರಕ್ತಕಣಗಳನ್ನು ಹಿಡಿಯುವ ವಿಷಯದಲ್ಲಿರದೆ, ಅದರ ಮೈಗೇ ಸಕ್ಕರೆಯು ಬೆಸೆದುಕೊಂಡಿದೆಯೇ ಎಂಬ ವಿಷಯದಲ್ಲಿದ್ದಿತು. 1966ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಆ ಬೆಸುಗೆಯನ್ನು ಪ್ರಮಾಣಪೂರ್ವಕವಾಗಿ ತೋರಿಸಿಕೊಟ್ಟರು. ಪ್ರಾಣಿಗಳ ದೇಹದಲ್ಲಿ ಕಾಣುವಂತೆ ಸಸ್ಯಗಳಲ್ಲಿಯೂ ಸಕ್ಕರೆಯು ಸೇರಿದ ಪ್ರೋಟೀನುಗಳಿವೆಯೆಂಬುದು ಇದರಿಂದ ದೃಢವಾಯಿತು.

ಒಂದು ದ್ವಾರವು ತೆರೆಯಲಾಗಿ ಮತ್ತೊಂದು ಕಾಣಿಸಿಕೊಂಡಿತು. ಸೋಯಾ ಲೆಕ್ಟಿನ್ನು ಬೇರೆ ಕಣಗಳ ಮೇಲೆ ಯಾವ ಸಕ್ಕರೆಯನ್ನು ಅರಸುವುದು? ಕಣಗಳು ಗೆಡ್ಡೆಗಟ್ಟುವಲ್ಲಿ ಒಂದೊಂದು ಸಕ್ಕರೆಯನ್ನೂ ಪ್ರತ್ಯೇಕವಾಗಿ ಬೆರೆಸಿ ನೋಡಿ, ಯಾವುದರಿಂದ ಅಂಟು ಬಿಡುವುದೆಂಬುದನ್ನು ಪರೀಕ್ಷಿಸುವುದೇ ಇದರ ಉಪಾಯ. ಅಸಿಟೈಲ್-ಗ್ಯಾಲಕ್ಟೋಸಮೀನ್ ಎಂಬುದು ಅದರ ಸಕ್ಕರೆಯೆಂದು 1970ರಲ್ಲಿ ನಿಶ್ಚಯವಾಯಿತು. ಈ ಅಂಟಿನ ಯಂತ್ರವು ಸರಳವಾದುದು. ಲೆಕ್ಟಿನ್ನಿನ ಒಂದು ಕಣಕ್ಕೆ ಎರಡು ಅಥವಾ ಹೆಚ್ಚು ಹಿಡಿಗಳಿವೆ. ಒಬ್ಬನು ಎರಡು ಕೈಗಳಿಂದ ಇಬ್ಬರನ್ನು ಹಿಡಿದು ಜೊತೆಗೂಡಿಸುವಂತೆ, ಅದು ಒಂದು ಜೀವಕೋಶದ ಸಕ್ಕರೆಯನ್ನೂ ಇನ್ನೊಂದರ ಸಕ್ಕರೆಯನ್ನೂ ಏಕಕಾಲದಲ್ಲಿ ಹಿಡಿಯುತ್ತದೆ. ಲಕ್ಷಾಂತರ ಹಿಡಿಗಳು ಸೇರಿ ಗೆಡ್ಡೆಯಾಗುತ್ತದೆ. ಬಿಡಿ ಸಕ್ಕರೆಯನ್ನು ಧಾರಾಳವಾಗಿ ಸುರಿದರೆ ಕೈಗಳೆಲ್ಲ ಅದರಿಂದಲೇ ತುಂಬಿಹೋಗಿ ಜೀವಕೋಶಗಳು ಬಿಡುಗಡೆಯಾಗುತ್ತವೆ.

ಇದೇ ಗುಣವು ಲೆಕ್ಟಿನ್‌ಗಳನ್ನು ಶುದ್ಧಗೊಳಿಸುವುದಕ್ಕೂ ಸಾಧನವಾಯಿತು. ಸಕ್ಕರೆಯನ್ನು ಬೆಸೆದ ಸಣ್ಣ ಮಣಿಗಳನ್ನು ಗಾಜಿನ ನಾಳದಲ್ಲಿ ತುಂಬಿ ಮೇಲಿಂದ ಬೀಜದ ಸಾರವನ್ನು ಹೊಯ್ದರೆ ಉಳಿದುದೆಲ್ಲ ಇಳಿದುಹೋಗಿ ಲೆಕ್ಟಿನ್ನು ಮಾತ್ರ ಮಣಿಗೆ ಅಂಟಿ ನಿಲ್ಲುವುದು. ಆಮೇಲೆ ಸಕ್ಕರೆಯ ನೀರನ್ನು ಹೊಯ್ದಲ್ಲಿ ಅದೂ ಇಳಿದು ಬರುವುದು. ಅಮೆರಿಕದ ಗೋಲ್ಡ್‌ಸ್ಟೈನ್ ಅವರು 1965ರಲ್ಲಿ ಕಾಂಕನವಲಿನ್-ಎಯನ್ನು ಪಡೆದುದು ಇಂತಹ ರೀತಿಯಿಂದಲೇ. ಶರೋನರ ಬಳಗವು 1972ರಲ್ಲಿ ಸೋಯಾ ಅವರೆಗೂ, 1975ರಲ್ಲಿ ನೆಲಗಡಲೆಗೂ ಈ ವಿಧಾನವನ್ನು ಅನ್ವಯಿಸಿ ಅವುಗಳ ಲೆಕ್ಟಿನ್‌ಗಳನ್ನು ಶುದ್ಧಗೊಳಿಸಿತು.

ಈ ನಡುವೆ ಒಂದು ದೊಡ್ಡ ಆಸೆಯೂ ಹುಟ್ಟಿದ್ದಿತು. ಕೆಲವು ಲೆಕ್ಟಿನ್‌ಗಳು ಆರೋಗ್ಯವಾದ ಜೀವಕೋಶಗಳನ್ನು ಬಿಟ್ಟು ಅರ್ಬುದಕ್ಕೆ ತಿರುಗಿದ ಜೀವಕೋಶಗಳನ್ನೇ ಗೆಡ್ಡೆಗಟ್ಟಿಸುವುದು ಕಂಡುಬಂದು, ಈ ಘೋರ ವ್ಯಾಧಿಗೆ ಮದ್ದು ದೊರೆಯಿತೆಂದು ಅನೇಕರು ಭಾವಿಸಿದರು. ಆದರೆ ಆರೋಗ್ಯವಾದ ಜೀವಕೋಶವನ್ನು ಪಾಚಕ ದ್ರವ್ಯದಿಂದ ಸ್ವಲ್ಪ ಸವೆಯಿಸಿದರೆ ಅದೂ ಹಾಗೆಯೇ ಅಂಟುವುದೆಂದು ತಿಳಿಯಲಾಗಿ, ಮೊದಲು ಎಣಿಸಿದ ಸುಲಭ ರೂಪದಲ್ಲಿ ಆ ಆಸೆಯು ಈಡೇರಲಿಲ್ಲ. ಶರೋನರ ಬಳಗವು ಕೆಲಸವನ್ನು ನಿಲ್ಲಿಸಲಿಲ್ಲ.

ಸಕ್ಕರೆಯೆಂಬ ಲಿಪಿ

1972ರಲ್ಲಿ ಶರೋನರೂ ಲಿಸ್ ಅವರೂ ಕೂಡಿ ಬರೆದ ಒಂದು ಸಮೀಕ್ಷೆಯು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿ, ಅಲ್ಲಲ್ಲಿ ಚದರಿಹೋಗಿದ್ದ ಜ್ಞಾನವನ್ನು ಒಂದು ಶಾಸ್ತ್ರವಾಗಿ ಕೂಡಿಸಿತು. ಲೆಕ್ಟಿನ್‌ಗಳು ಬೀಜಗಳಲ್ಲಿ ಮಾತ್ರವೇ ಇರುವುವೆಂಬ ಎಲ್ಲೆಯನ್ನು ಮೀರಿ, ಪ್ರಾಣಿಗಳಲ್ಲಿಯೂ ಸೂಕ್ಷ್ಮಾಣುಗಳಲ್ಲಿಯೂ ಇರುವ ಇಂತಹ ಪ್ರೋಟೀನುಗಳೆಲ್ಲಕ್ಕೂ ಒಂದೇ ಹೆಸರು ಸಲ್ಲುವುದಕ್ಕೆ ಅದು ಕಾರಣವಾಯಿತು. 1989ರಲ್ಲಿ ಅವರು ಲೆಕ್ಟಿನ್‌ಗಳನ್ನು ಕುರಿತು ಗ್ರಂಥವನ್ನೇ ರಚಿಸಿದರು.

ಸಕ್ಕರೆಯು ಸೌದೆಯಷ್ಟೇ ಅಲ್ಲವೆಂಬುದನ್ನು ಸಾಮಾನ್ಯ ವಾಚಕರಿಗೆ ಮನಗಾಣಿಸಲು ಅವರು 1993ರ ಒಂದು ಲೇಖನದಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ವಂಶವಾಹಕ ದ್ರವ್ಯದ ನಾಲ್ಕು ಬೇರೆ ಬೇರೆ ಘಟಕಗಳನ್ನು ಸಾಲಾಗಿ ಜೋಡಿಸಿದರೆ 24 ವಿಧವಾದ ಸರಗಳಾಗುವುವು. ನಾಲ್ಕು ಬೇರೆ ಬೇರೆ ಸಕ್ಕರೆಗಳನ್ನು ಜೋಡಿಸಿದರೆ 35,560 ವಿಧಗಳಾಗಬಲ್ಲವು. ಮೊದಲಿನವು ತುದಿಗೆ ತುದಿ ಸೇರಿದ ಮಣಿಸರದಂತೆ ಇದ್ದರೆ, ಸಕ್ಕರೆಗಳು ಹಲವು ಮೂಲೆಗಳಲ್ಲಿ ಬೆಸೆದುಕೊಂಡು ಕೊಂಬೆಗಳಾಗಿ ಒಡೆಯಬಲ್ಲವಾದುದರಿಂದ ಈ ವ್ಯತ್ಯಾಸವು ಉಂಟಾಗಿದೆ. ಪ್ರತಿಯೊಂದು ಜೀವಕೋಶದ ಹೊರಮೈಯೂ ಇಂತಹ ಸಕ್ಕರೆಯ ಕೊಂಬೆಗಳಿಂದ ಮುಚ್ಚಿದೆ. ಆ ಕೋಶವು ಯಾವುದು, ಎಳೆಯದೋ ಬಲಿತದೋ ಎಂಬುದು ಅಲ್ಲಿ ಬರೆದಂತಿದೆ. ಸಕ್ಕರೆಗಳು ಲಿಪಿಯಾದರೆ ಲೆಕ್ಟಿನ್‌ಗಳು ಅದನ್ನು ಓದುವ ಕಣ್ಣುಗಳು. ಶರೋನರ ಜೀವಮಾನದ ಕಾರ್ಯವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಮಜ್ಜೆಯ ಚಿಕಿತ್ಸೆ

ಈ ಓದುವ ಶಕ್ತಿಯು ಮನುಷ್ಯನ ಪ್ರಾಣವನ್ನು ಉಳಿಸಿದ ಸಂಗತಿಯು ಚರಿತ್ರೆಯ ಅತ್ಯಂತ ಮನನೀಯವಾದ ಭಾಗವಾಗಿದೆ. ರೋಗನಿರೋಧ ಶಕ್ತಿಯೇ ಇಲ್ಲದೆ ಹುಟ್ಟುವ ಶಿಶುಗಳು ವಿರಳವಾಗಿ ಉಂಟು. ಅಂತಹ ಶಿಶುವಿಗೆ ಸಾಮಾನ್ಯ ನೆಗಡಿಯೂ ಮೃತ್ಯುವಾಗಬಲ್ಲುದು. ಬೇರೊಬ್ಬರ ಎಲುಬಿನ ಮಜ್ಜೆಯನ್ನು ಕೊಟ್ಟರೆ ಅದರಲ್ಲಿರುವ ಮೂಲಕೋಶಗಳು ಶಿಶುವಿನಲ್ಲಿ ನೆಲೆಸಿ ಹೊಸ ರಕ್ತವನ್ನೂ ನಿರೋಧಶಕ್ತಿಯನ್ನೂ ಹುಟ್ಟಿಸುವುವು. ಆದರೆ ಮಜ್ಜೆಯಲ್ಲಿ ಮೂಲಕೋಶಗಳೊಡನೆ ಬಲಿತ ಶ್ವೇತಕಣಗಳೂ ಇರುತ್ತವೆ. ದಾನಿಯ ಅಂಗಲಕ್ಷಣಗಳು ಶಿಶುವಿನವುಗಳಿಗೆ ಸರಿಹೊಂದದಿದ್ದಲ್ಲಿ ಆ ಶ್ವೇತಕಣಗಳು ಶಿಶುವಿನ ದೇಹವನ್ನೇ ಶತ್ರುವೆಂದು ಬಗೆದು ನಾಶಗೊಳಿಸುವುವು. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆಯುಂಟಾಗುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ತಂದೆತಾಯಿಗಳು ಅರ್ಧಮಾತ್ರವೇ ಹೊಂದುವರು. ಪ್ರಾಣವನ್ನೇ ಕೊಡಲು ಸಿದ್ಧಳಾದ ತಾಯಿಯ ಮಜ್ಜೆಯೇ ಮಗುವಿಗೆ ವಿಷವಾಗುವಂತಹ ಸಂಕಟವಿದು.

ಶರೋನರ ಪ್ರಯೋಗಶಾಲೆಯಲ್ಲಿ ಶಿಷ್ಯರಾಗಿದ್ದ ಯಾಯಿರ್ ರೈಸ್ನರ್ ಅವರು, ಇಲಿಯ ಥೈಮಸ್ ಗ್ರಂಥಿಯಲ್ಲಿ ಎಳೆಯ ಕೋಶಗಳನ್ನು ನೆಲಗಡಲೆಯ ಲೆಕ್ಟಿನ್ನು ಹಿಡಿಯುವುದೆಂದೂ ಬಲಿತವುಗಳನ್ನು ಬಿಡುವುದೆಂದೂ 1976ರಲ್ಲಿ ತೋರಿಸಿದರು. 1978ರಲ್ಲಿ ಅವರು ಲೆಕ್ಟಿನ್‌ಗಳಿಂದ ಶೋಧಿಸಿದ ಮಜ್ಜೆಯ ಮತ್ತು ಪ್ಲೀಹದ ಕೋಶಗಳನ್ನು ಇಲಿಗಳಲ್ಲಿ ನೆಲೆಗೊಳಿಸಿದುದನ್ನು ಪ್ರಕಟಿಸಿದರು. ಬಳಿಕ ರೈಸ್ನರರು ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ವೈದ್ಯರೊಡನೆ ಸೇರಿ ಈ ಉಪಾಯವನ್ನು ಮನುಷ್ಯರಿಗೆ ಅನ್ವಯಿಸಿದರು. ಮನುಷ್ಯನ ಮಜ್ಜೆಗೆ ಸೋಯಾ ಲೆಕ್ಟಿನ್ನನ್ನು ಬೆರೆಸಲಾಗಿ ಬಲಿತ ಕೋಶಗಳಲ್ಲಿ ಬಹುಭಾಗವು ಗೆಡ್ಡೆಗಟ್ಟಿ ತಳಕ್ಕೆ ಕೂರುವುದು. ಮೂಲಕೋಶಗಳು ಮೇಲೆ ಉಳಿಯುವುವು. ಉಳಿದ ಅಪಾಯಕರವಾದ ಶ್ವೇತಕಣಗಳನ್ನು ಕುರಿಯ ರಕ್ತಕಣಗಳಿಂದ ಹಿಡಿದು ತೆಗೆಯುವುದು. 1981ರಲ್ಲಿ ರಕ್ತದ ಅರ್ಬುದದ ರೋಗಿಗೆ ಈ ರೀತಿಯಿಂದ ಶೋಧಿಸಿದ ಪೋಷಕರ ಮಜ್ಜೆಯನ್ನು ಕೊಟ್ಟ ವರದಿಯು ಪ್ರಕಟವಾಯಿತು. 1983ರಲ್ಲಿ ನಿರೋಧಶಕ್ತಿಯಿಲ್ಲದೆ ಹುಟ್ಟಿದ ಮಕ್ಕಳ ಚಿಕಿತ್ಸೆಯ ವರದಿಯು ಬಂದಿತು. ಅಕ್ಕಿಯನ್ನು ಕೇರಿ ಕಲ್ಲನ್ನು ತೆಗೆಯುವಂತೆ, ತಾಯಿಯ ಮಜ್ಜೆಯಿಂದ ಅಪಾಯವನ್ನು ತೆಗೆದು ಪ್ರಾಣವನ್ನು ಉಳಿಸಿಕೊಳ್ಳುವ ಮೊರವು ಒಂದು ಕಾಳಿನಿಂದ ದೊರೆಯಿತು. ಅನಂತರದ ವರ್ಷಗಳಲ್ಲಿ ಬೇರೆ ವಿಧಾನಗಳು ಇದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದರೂ, ಅರ್ಧಮಾತ್ರ ಹೊಂದುವ ತಂದೆತಾಯಿಗಳೂ ದಾನಿಗಳಾಗಬಹುದೆಂಬ ಧೈರ್ಯವು ಇಲ್ಲಿಂದ ಬಲಗೊಂಡಿತು. ಸೋಯಾ ಅವರೆಯಲ್ಲಿ ಸಕ್ಕರೆಯಿದೆಯೇ ಎಂದು 1960ರ ದಶಕದಲ್ಲಿ ಕೇಳಿದ ಪ್ರಶ್ನೆಯಿಂದ ಈ ಫಲವನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಸೂಕ್ಷ್ಮಾಣುಗಳ ಹಿಡಿತ

ಲೆಕ್ಟಿನ್‌ಗಳು ರಕ್ಷಕರ ಕೈಯಲ್ಲಿರುವಂತೆ ಆಕ್ರಮಣಕಾರರ ಕೈಯಲ್ಲಿಯೂ ಇವೆ. 1977ರಲ್ಲಿ ಶರೋನರು ಇತ್ಸಾಕ್ ಓಫೆಕ್, ಡೇವಿಡ್ ಮಿರೆಲ್ಮನ್ ಎಂಬ ವಿದ್ವಾಂಸರೊಡನೆ, ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಸೂಕ್ಷ್ಮಾಣುವು ಮನುಷ್ಯನ ಒಳಚರ್ಮಕ್ಕೆ ಅಂಟುವುದು ಅಲ್ಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಂಡೇ ಎಂಬುದನ್ನು ಪ್ರಕಟಿಸಿದರು. ಅಂಟದಿದ್ದ ಸೂಕ್ಷ್ಮಾಣುವನ್ನು ದೇಹವು ತೊಳೆದು ಹೊರಹಾಕುವುದು; ಅಂಟಿದುದೇ ರೋಗವನ್ನು ತರುವುದು. ಹಾಗಾದರೆ ಹಿಡಿಯುವ ಕೈಗಳನ್ನು ಮೊದಲೇ ಸಕ್ಕರೆಯಿಂದ ತುಂಬಿಸಿಬಿಟ್ಟರೆ? 1979ರಲ್ಲಿ ಮ್ಯಾನೋಸಿನಿಂದ ಮಾಡಿದ ಒಂದು ವಸ್ತುವನ್ನು ಸೂಕ್ಷ್ಮಾಣುವಿನೊಡನೆ ಬೆರೆಸಿ ಕೊಟ್ಟಾಗ ಇಲಿಗಳ ಮೂತ್ರಮಾರ್ಗದಲ್ಲಿ ಅದು ನೆಲೆಸುವುದು ಕಡಮೆಯಾಯಿತು. ಸೂಕ್ಷ್ಮಾಣುವನ್ನು ಕೊಲ್ಲದೆ ಅದರ ಹಿಡಿತವನ್ನು ಬಿಡಿಸುವ ಈ ಮಾರ್ಗದಲ್ಲಿ, ಔಷಧಗಳಿಗೆ ಬಗ್ಗದ ಸೂಕ್ಷ್ಮಾಣುಗಳು ಹುಟ್ಟುವ ಭಯವು ಕಡಮೆಯೆಂಬುದು ಶರೋನರ ಅಭಿಪ್ರಾಯವಾಗಿದ್ದಿತು.

ಇಲಿಯಲ್ಲಿ ಸಿದ್ಧಿಸಿದುದು ಮನುಷ್ಯನಲ್ಲಿಯೂ ಸಿದ್ಧಿಸುವುದೆಂಬ ನಿಯಮವಿಲ್ಲ. ಬ್ರಿಟನ್ನಿನಲ್ಲಿ ಪದೇ ಪದೇ ಮೂತ್ರದ ಸೋಂಕಿನಿಂದ ಬಳಲುತ್ತಿದ್ದ ಸುಮಾರು 600 ಮಂದಿ ಸ್ತ್ರೀಯರಲ್ಲಿ ಕೆಲವರಿಗೆ ಮ್ಯಾನೋಸನ್ನೂ ಕೆಲವರಿಗೆ ಬೇರೊಂದು ಸಕ್ಕರೆಯನ್ನೂ ಆರು ತಿಂಗಳ ಕಾಲ ಕೊಟ್ಟು ನೋಡಿದ ಪರೀಕ್ಷೆಯ ಫಲವು 2024ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳಿಗೂ ಗಣನೀಯವಾದ ಭೇದವು ಕಾಣಲಿಲ್ಲ. ಸೂಕ್ಷ್ಮಾಣುವಿನ ಹಿಡಿಯನ್ನು ಮ್ಯಾನೋಸಿಗಿಂತ ಬಲವಾಗಿ ತುಂಬಬಲ್ಲ ವಸ್ತುಗಳನ್ನು ರಚಿಸುವ ಪ್ರಯತ್ನವು ನಡೆದಿದೆ. ಶರೋನರು ತೋರಿಸಿದ ತತ್ತ್ವವು ನಿಂತಿದೆ. ಅದು ಮದ್ದಾಗಿ ಮಾಗುವ ಕಾಲವು ಇನ್ನೂ ಬರಬೇಕಾಗಿದೆ.

ಬೆಂಗಳೂರಿನಲ್ಲಿ

ಲೆಕ್ಟಿನ್ನಿನ ಗುಣವು ತಿಳಿದ ಮೇಲೆ ಅದರ ಆಕಾರವನ್ನು ಕಣ್ಣಿಗೆ ಕಟ್ಟುವಂತೆ ಅರಿಯುವ ಆಸೆಯು ಸಹಜವಾದುದು. ಪ್ರೋಟೀನನ್ನು ಹರಳುಗಟ್ಟಿಸಿ ಅದರ ಮೇಲೆ ಎಕ್ಸ್-ಕಿರಣಗಳನ್ನು ಬೀಳಿಸಿ ಪರಮಾಣುಗಳ ಸ್ಥಾನವನ್ನು ಲೆಕ್ಕದಿಂದ ಕಂಡುಕೊಳ್ಳುವುದು ಇದರ ರೀತಿ. ಶರೋನರೂ ಲಿಸ್ ಅವರೂ ಶಾನನ್ ಅವರೊಡನೆ ಹಾಲವಾಣದ ಜಾತಿಗೆ ಸೇರಿದ ಒಂದು ಮರದ ಬೀಜದ ಲೆಕ್ಟಿನ್ನಿನ ಆಕಾರವನ್ನು 1991ರಲ್ಲಿ ಪ್ರಕಟಿಸಿದರು. ಶರೋನರ ಬಳಗವು 1975ರಲ್ಲಿ ಶುದ್ಧಗೊಳಿಸಿದ್ದ ನೆಲಗಡಲೆಯ ಲೆಕ್ಟಿನ್ನಿನ ಆಕಾರವನ್ನು ಬಿಡಿಸಿದ ಕೀರ್ತಿಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದಿತು. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಎಂ. ವಿಜಯನ್, ಎ. ಸುರೋಲಿಯಾ ಮೊದಲಾದ ವಿದ್ವಾಂಸರು 1994ರಲ್ಲಿ ಅದನ್ನು ಪ್ರಕಟಿಸಿದರು. ನಾಲ್ಕು ಭಾಗಗಳುಳ್ಳ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ನಿರೀಕ್ಷಿಸಲಾಗುವ ಸಮರಚನೆಯು ಇದರಲ್ಲಿರದೆ ಹೋದುದು ವಿದ್ವಾಂಸರಿಗೆ ಆಶ್ಚರ್ಯವನ್ನುಂಟುಮಾಡಿತು. 1996ರಲ್ಲಿ ಅದೇ ಸಂಸ್ಥೆಯಿಂದ ಹಲಸಿನ ಬೀಜದ ಲೆಕ್ಟಿನ್ನಿನ ಆಕಾರವೂ ಹೊರಬಂದಿತು. ಬಸವನಗುಡಿಯಲ್ಲಿ ವರುಷಕ್ಕೊಮ್ಮೆ ಕಡಲೆಕಾಯಿಯ ಪರಿಷೆಯು ನೆರೆಯುವ ಊರಿನಲ್ಲಿಯೇ ಆ ಕಾಯಿಯ ಒಳಗುಟ್ಟು ಬಯಲಾದುದು ಯೋಗ್ಯವೇ ಆಯಿತು.

ಉಪಸಂಹಾರ

1994ರಲ್ಲಿ ಶರೋನರಿಗೆ ಅವರ ದೇಶದ ಪರಮ ಗೌರವವಾದ ಇಸ್ರೇಲ್ ಪ್ರಶಸ್ತಿಯು ದೊರೆಯಿತು. 2011ನೆಯ ಇಸವಿ ಜೂನ್ 17ರಂದು, 85 ವರ್ಷದ ವಯಸ್ಸಿನಲ್ಲಿ ಅವರು ಕಾಲವಾದರು.

ಅವರ ಕಾಲದಲ್ಲಿ ಶಾಸ್ತ್ರದ ರಾಜಮಾರ್ಗವು ಬೇರೆಡೆಗೆ ಹೋಗಿದ್ದಿತು. ಅವರು ಆರಿಸಿಕೊಂಡುದು ಕಾಲುದಾರಿ. ಜನರು ಸೌದೆಯೆಂದೆಣಿಸಿದುದರಲ್ಲಿ ಲಿಪಿಯಿದೆಯೆಂದು ನಂಬಿ, ಒಂದು ಕಾಳನ್ನು ಹಿಡಿದು ಅದರಲ್ಲಿ ಒಂದೊಂದಾಗಿ ಪ್ರಶ್ನೆಗಳನ್ನು ಕೇಳುತ್ತ ಹೋದರು. ಕೆಲವು ಪ್ರಶ್ನೆಗಳಿಗೆ ಉತ್ತರ ದೊರೆಯಿತು. ಕೆಲವು ಆಸೆಗಳು ಸುಳ್ಳಾದುವು. ಕೆಲವು ಮಕ್ಕಳು ಬದುಕಿದರು. ಹೊಲದ ಅವರೆಯನ್ನೂ ಅಂಗಳದ ಕಡಲೆಕಾಯಿಯನ್ನೂ ಕೈಗೆತ್ತಿಕೊಳ್ಳುವವರು ಇನ್ನು ಮುಂದೆ ಅವುಗಳನ್ನು ಸ್ವಲ್ಪ ಆದರದಿಂದ ನೋಡಬಹುದು. ಅಲ್ಪವೆಂಬುದು ನೋಡುವವನ ಅವಸರದಲ್ಲಿದೆ, ವಸ್ತುವಿನಲ್ಲಿ ಇಲ್ಲ.